ಹನ್ನೊಂದು ದಿನದ ಕೈ

ನನ್ನ ಗಂಡ ಶಿವಪುತ್ರ ತೀರಿಕೊಂಡ ಮರುದಿನ ಬೆಳಿಗ್ಗೆ ಹತ್ತೂವರೆಗೆ ನಮ್ಮ ಮನೆಯ ಕಂಪ್ಯೂಟರಿನ ಕೀಲಿಗಳು ತಾವಾಗಿ ಒತ್ತಿಕೊಳ್ಳತೊಡಗಿದವು.

ನಾನು ಅಡುಗೆಮನೆಯ ಗೋಡೆಗೆ ಒರಗಿ ಕೂತಿದ್ದೆ. ಯಾರೋ ಕೈಗೆ ಕೊಟ್ಟಿದ್ದ ಚಹಾ ಆರಿಹೋಗಿತ್ತು. ಸಪ್ಪಳ ಕೇಳಿದ್ದೇ ಅತ್ತೆ ಎದ್ದರು. ಹಿಂದಿನ ದಿನದಿಂದ ಇಬ್ಬರು ಹಿಡಿದು ಕೂರಿಸಿದ್ದ ಹೆಂಗಸು, ಯಾರ ಆಸರೆಯೂ ಇಲ್ಲದೆ ಹೊರಗಿನ ಕೋಣೆಗೆ ಓಡಿದರು.

"ಕೈ ಉಳದೈತಿ! ಕಸ್ತೂರೀ, ನನ್ನ ಶಿವೂನ ಕೈ ಉಳದೈತಿ!"

ನೆರೆದಿದ್ದ ಹೆಂಗಸರೆಲ್ಲ ಒಮ್ಮೆಗೇ ಉಸಿರು ಬಿಟ್ಟರು. ಎಲ್ಲರ ಕೈಯೂ ಉಳಿಯುವುದಿಲ್ಲ. ಪಕ್ಕದ ಮನೆಯಾಕೆ ಅತ್ತೆಯ ಭುಜ ಸವರಿ, "ಪುಣ್ಯಾ ಮಾಡೀರಿ ಬಿಡ್ರಿ ನೀಲವ್ವಾ. ನಮ್ಮವರು ಹೋದಾಗ ಒಂದ ಅಕ್ಷರ ಸೈತ ಒತ್ತಲಿಲ್ಲ. ಇದ್ದಾಗೂ ಕೆಲಸ ಮಾಡಲಿಲ್ಲ, ಹೋದ ಮ್ಯಾಲೂ ಮಾಡಲಿಲ್ಲ" ಎಂದಳು. ಸಾವಿನ ಮನೆಯಲ್ಲೂ ಒಬ್ಬಿಬ್ಬರು ನಕ್ಕರು. ಅತ್ತೆ ನಗಲಿಲ್ಲ, ಅಳಲೂ ಇಲ್ಲ. ಟ್ರಂಕಿನಿಂದ ಬಿಳಿ ಪಂಚೆ ತೆಗೆದು, ನಾಲ್ಕು ಮಡಿಕೆ ಮಾಡಿ, ಕಂಪ್ಯೂಟರಿನ ತೆರೆಯ ಮೇಲೆ ಹೊದಿಸಿದರು.

ನಮ್ಮೂರಿನ ಪದ್ಧತಿ ಅದು. ಹೋದವರ ಕೈ ಹನ್ನೊಂದು ದಿನ ಇರುತ್ತದೆ. ಅದು ಏನು ಬರೆಯುತ್ತದೆ ಎಂದು ನೋಡಬಾರದು. ಸಪ್ಪಳ ಮಾತ್ರ ಕೇಳಬೇಕು. ಬಲಗಡೆಗೆ ಅವರಿಗೆ ಇಷ್ಟವಾದದ್ದನ್ನು ಇಡಬೇಕು. ಅತ್ತೆ ಒಂದು ಬಟ್ಟಲಲ್ಲಿ ಚುರುಮುರಿ ಇಟ್ಟರು, ಹಸಿಮೆಣಸಿನಕಾಯಿ ಬೇರೆಯಾಗಿ. ಹನ್ನೊಂದನೆಯ ದಿನ ಹೊತ್ತು ಮುಳುಗುವುದರೊಳಗೆ ಆ ಕೈಯನ್ನು ಒಳಮನೆಗೆ ಸೇರಿಸಬೇಕು, ಇಲ್ಲವೇ ಬಯಲಿಗೆ ಬಿಡಬೇಕು. ಎರಡೂ ಮಾಡದೆ ಹೋದರೆ ಸಪ್ಪಳ ನಿಲ್ಲುತ್ತದೆ. ಆಮೇಲೆ ಏನು ಮಾಡಿದರೂ ಬರುವುದಿಲ್ಲ.

ಒಳಮನೆ, ಬಯಲು. ನಮ್ಮೂರಿನಲ್ಲಿ ಕಂಪ್ಯೂಟರುಗಳು ನಡೆಯುವುದು ಈ ಎರಡರಲ್ಲಿ ಒಂದರ ಮೇಲೆ. ಒಳಮನೆಗೆ ಅದರದೇ ಯಂತ್ರ ಬೇಕು. ಒಂದೇ ತುಂಡು ಲೋಹದಲ್ಲಿ ಕೊರೆದದ್ದು. ಎಲ್ಲೂ ಒಂದು ಸ್ಕ್ರೂ ಕಾಣುವುದಿಲ್ಲ. ಬೆಲೆ ಕೇಳಿದರೆ ಜನ ಅಂಗಡಿಯ ಮೆಟ್ಟಿಲ ಮೇಲೆಯೇ ಕೂತುಬಿಡುತ್ತಾರೆ. ಒಂದು ಯಂತ್ರಕ್ಕೆ ಒಂದೇ ಕೈ. ಬದುಕಿದ್ದವರು ಕೊಂಡರೆ ಅವರದು, ಸತ್ತವರಿಗೆಂದು ಕೊಂಡರೆ ಸತ್ತವರದು. ದೊಡ್ಡ ಓಣಿಯ ಡಾಕ್ಟರ ಮನೆಯ ಪಡಸಾಲೆಯಲ್ಲಿ ಇಂಥ ಮೂರು ಯಂತ್ರಗಳು ಸಾಲಾಗಿವೆ. ಅಜ್ಜ, ಅಪ್ಪ, ದೊಡ್ಡಪ್ಪ. ಬೆಳಿಗ್ಗೆ ಮೂರೂ ಒಟ್ಟಿಗೆ ಔಷಧದ ಚೀಟಿ ಬರೆಯುತ್ತವೆ. ಸೊಸೆ ಮೆತ್ತನೆಯ ಬಟ್ಟೆಯಿಂದ ಧೂಳು ಒರೆಸುತ್ತಾಳೆ.

ಬಯಲಿಗೆ ದುಡ್ಡಿಲ್ಲ. ಯಾವ ಹಳೆಯ ಡಬ್ಬಿಯಲ್ಲಾದರೂ ನಡೆಯುತ್ತದೆ. ಆದರೆ ಬಯಲಿಗೆ ಬಿಟ್ಟ ಕೈ ಊರಿನದಾಗುತ್ತದೆ. ಯಾರ ಯಂತ್ರದಲ್ಲಿ ಯಾವಾಗ ಬರುತ್ತದೆ ಎಂದು ಹೇಳಲಾಗುವುದಿಲ್ಲ. ನಮ್ಮ ಬಸ್‌ ನಿಲ್ದಾಣದ ವೇಳಾಪಟ್ಟಿಯನ್ನು ತೀರಿಹೋದ ಕಂಟ್ರೋಲರ್ ಒಬ್ಬರು ಇಂದಿಗೂ ತಿದ್ದುತ್ತಾರೆ. ಡ್ರೈವರುಗಳು ಬೈದುಕೊಂಡೇ ಅದರ ಪ್ರಕಾರ ಬಸ್ಸು ಬಿಡುತ್ತಾರೆ. ಶಾಲೆಯ ಅಂಕಪಟ್ಟಿಯಲ್ಲಿ ಯಾರಿಗಾದರೂ ತೊಂಬತ್ತರ ಮೇಲೆ ಹಾಕಿದರೆ, ಹೋದ ಹೆಡ್‌ಮಾಸ್ತರರ ಕೈ ಬಂದು ಎರಡು ಅಂಕ ಕಳೆಯುತ್ತದೆ.

ನಾನು ವಿಶ್ವವಿದ್ಯಾಲಯದಲ್ಲಿ ಹಳೆಯ ಸಂತೆಗಳ ಅಳತೆ-ತೂಕದ ಮೇಲೆ ಪ್ರಬಂಧ ಬರೆಯುತ್ತಿದ್ದೆ. ಅಲ್ಲಿಯ ಯಂತ್ರಗಳೆಲ್ಲ ಬಯಲಿನವು. 'ಸೇರು' ಎಂದು ನಾನು ಒತ್ತಿದ ಕೂಡಲೇ ಯಾವುದೋ ಕಿರಾಣಿ ಅಂಗಡಿಯವನ ಕೈ ಬಂದು ಮುಂದೆ 'ಉದ್ರಿ ಕೇಳಬೇಡಿ' ಎಂದು ಸೇರಿಸುತ್ತಿತ್ತು. ಒಂದು ಅಧ್ಯಾಯದಲ್ಲಿ ಅದನ್ನು ನಲವತ್ತು ಕಡೆ ಅಳಿಸಿದ್ದೆ. ನನಗೆ ಒಳಮನೆಯ ಯಂತ್ರ ಬೇಕಾಗಿತ್ತು. ಯಾರೂ ಬಾರದ ಜಾಗ.

ಶಿವಪುತ್ರ ಒಪ್ಪಲಿಲ್ಲ. ಅವನು ರುದ್ರಗೌಡರ ಪ್ರೆಸ್ಸಿನಲ್ಲಿ ಕಾರ್ಡು ಮಾಡುತ್ತಿದ್ದ. ಮದುವೆ, ಗೃಹಪ್ರವೇಶ, ಜವಳ. ಮದುವೆಯ ಕಾರ್ಡಿನ ನೆತ್ತಿಯಲ್ಲಿ ಎರಡು ಗಿಳಿ ಇಡುವುದು ವಾಡಿಕೆ, ಒಂದರ ಮುಖ ಒಂದರ ಕಡೆಗೆ. ಶಿವಪುತ್ರ ಮಾತ್ರ ಎರಡೂ ಗಿಳಿಗಳನ್ನು ಒಂದೇ ಕಡೆ ನೋಡುವಂತೆ ಕೂರಿಸುತ್ತಿದ್ದ. ಗೌಡರು ಬೈದರು. ಗಿರಾಕಿಗಳು ಜಗಳ ತೆಗೆದರು. "ಎದುರುಬದರು ಕುಂತ್ರ ಜಗಳಾಡ್ತಾವು" ಎನ್ನುತ್ತಿದ್ದನೇ ಹೊರತು ತಿರುಗಿಸಲಿಲ್ಲ. ಸೋತು ಊರೇ ಸುಮ್ಮನಾಯಿತು.

ಎರಡು ತಿಂಗಳ ಹಿಂದೆ ಅವನು ಹಳೆಯ ಸಾಮಾನು ತಂದು ಮನೆಯಲ್ಲಿ ಒಂದು ಕಂಪ್ಯೂಟರ್ ಜೋಡಿಸಿದ. ಡಬ್ಬಿ ಒಂದು ಕಡೆಯದು, ತೆರೆ ಒಂದು ಕಡೆಯದು. ಕೀಬೋರ್ಡಿನ ಮೇಲಿನ ಅಕ್ಷರಗಳು ಸವೆದುಹೋಗಿದ್ದವು. ಅದರಲ್ಲಿ ಒಳಮನೆಯೂ ಇರಲಿಲ್ಲ, ಬಯಲೂ ಇರಲಿಲ್ಲ. ಯಾವುದು ಬೇಕೆಂಬ ನಮ್ಮ ಜಗಳ ಮುಗಿದಿರಲಿಲ್ಲವಾದ್ದರಿಂದ ಅದರಲ್ಲೇ ಬಂದಿದ್ದ ಹಳೆಯದನ್ನು ಹಾಗೇ ಬಿಟ್ಟಿದ್ದ. ನಾನು ಅದನ್ನು ಮುಟ್ಟಲಿಲ್ಲ. ಸಂಜೆ ಪ್ರೆಸ್ಸಿನಿಂದ ಬಂದು ಅವನೇ ಕೂತು ಬಿಡಿ ಕೆಲಸ ಮಾಡುತ್ತಿದ್ದ.

ಆ ಮಂಗಳವಾರ ಬೆಳಿಗ್ಗೆ ನಾಷ್ಟಾ ಮಾಡುವಾಗ ನಾನು ಅಂದೆ: "ಸತ್ತವರ ಸಾಮಾನ ಆರಿಸಿ ತಂದು ಹೆಂಡತಿಗೆ ಕೊಡೋ ಗಂಡಸ ನೀವೊಬ್ಬರ ಇರಬೇಕು. ಯಾರ ಯಾರ ಕೈ ಆಡಿರ್ತಾವೋ ಅದರ ಮ್ಯಾಲ."

ಅವನು ಅವಲಕ್ಕಿ ಅಗಿಯುತ್ತ ನಕ್ಕ. "ಕೈ ಯಾರದಾದ್ರೇನ? ಕೆಲಸ ಮಾಡ್ತೈತಿಲ್ಲೋ?"

ನಾನು ತಟ್ಟೆ ಎತ್ತಿಕೊಂಡು ಹೋದೆ. ಮಧ್ಯಾಹ್ನ ಹನ್ನೆರಡಕ್ಕೆ ಪ್ರೆಸ್ಸಿನಲ್ಲಿ, ಕೂತಲ್ಲೇ, ಕೈ ಕೀಬೋರ್ಡಿನ ಮೇಲಿರುವಾಗಲೇ ಅವನ ಎದೆ ನಿಂತಿತು. ಮೂವತ್ನಾಲ್ಕು ವರ್ಷ. ಇದಕ್ಕಿಂತ ಹೆಚ್ಚು ಬರೆಯಲು ನನಗೆ ಬರುವುದಿಲ್ಲ.

ದಿನಗಳು ಹೋದವು. ಬಂದವರು ಬಂದು ಹೋದರು. ಮೇಜಿನ ಆ ಬದಿಗೆ ಅತ್ತೆ, ಈ ಬದಿಗೆ ನಾನು. ನಡುವೆ ಬಿಳಿ ಬಟ್ಟೆ ಹೊದ್ದ ತೆರೆ, ಬಡಿಯುವ ಕೀಲಿಗಳು. ಅತ್ತೆ ಕಣ್ಣು ಮುಚ್ಚಿ ಕೇಳುತ್ತಿದ್ದರು. "ಈ ಸಪ್ಪಳ ನಂಗ ಗೊತ್ತಿಲ್ಲೇನ? ಎಲ್ಲಿ ಕೇಳಿದ್ರೂ ಗುರುತ ಹಿಡೀತೀನಿ" ಎನ್ನುತ್ತಿದ್ದರು. ನಾನು ಕೇಳುತ್ತಿದ್ದೆನೋ ಇಲ್ಲವೋ ನೆನಪಿಲ್ಲ. ಕಿವಿಯೊಳಗೆ ಹತ್ತಿ ತುರುಕಿದ ಹಾಗಿತ್ತು. ಒಂದು ಸಂಗತಿ ಮಾತ್ರ ಗಮನಕ್ಕೆ ಬಂದಿತ್ತು. ಸಪ್ಪಳ ಬೆಳಿಗ್ಗೆ ಹತ್ತೂವರೆಗೆ ಶುರುವಾಗಿ ಸಂಜೆ ಐದೂವರೆಗೆ ನಿಲ್ಲುತ್ತಿತ್ತು. ಮಧ್ಯಾಹ್ನ ಅರ್ಧ ತಾಸು ಬಿಡುವು. ಶನಿವಾರ ಮತ್ತು ಭಾನುವಾರ ಒಂದು ಕೀಲಿಯೂ ಅಲುಗಲಿಲ್ಲ. ಅತ್ತೆ ಆ ಎರಡು ದಿನ ಅನ್ನ ಮುಟ್ಟಲಿಲ್ಲ. ಅದು ತಿಂಗಳ ಎರಡನೆಯ ಶನಿವಾರವಾಗಿತ್ತು. ಶಿವಪುತ್ರ ಮನೆಯ ಕಂಪ್ಯೂಟರಿಗೆ ಕೂರುತ್ತಿದ್ದುದು ಸಂಜೆಯ ಮೇಲೆ, ರಜೆ ಅಂದರೆ ದಿನವಿಡೀ. ಹೋದ ಮೇಲೆ ಹೊತ್ತು ಬದಲಾಗುತ್ತದೇನೋ ಅಂದುಕೊಂಡೆ. ಅಂದುಕೊಂಡು ಬಿಟ್ಟುಬಿಟ್ಟೆ.

ಒಂಬತ್ತನೆಯ ದಿನ ಅತ್ತೆ ನನ್ನನ್ನು ಎಬ್ಬಿಸಿಕೊಂಡು ಒಳಮನೆಯ ಅಂಗಡಿಗೆ ಹೋದರು. ಗಾಜಿನ ಬಾಗಿಲು, ಬಿಳಿ ಗೋಡೆ, ನಡುವೆ ಒಂದೇ ಒಂದು ಮೇಜು. ಮೇಜಿನ ಮೇಲೆ ಒಂದೇ ಒಂದು ಯಂತ್ರ. ಇಸ್ತ್ರಿ ಮಾಡಿದ ಅಂಗಿಯ ಹುಡುಗನೊಬ್ಬ ನಮ್ಮನ್ನು ಕೂರಿಸಿ ನೀರು ಕೊಟ್ಟ. ಶ್ರೀನಿಧಿ ಎಂದು ಎದೆಯ ಪಟ್ಟಿಯಲ್ಲಿ ಬರೆದಿತ್ತು. ಪುಸ್ತಕ ಓದಿದ ಹಾಗೆ ಮಾತಾಡುತ್ತಿದ್ದ.

"ಅಮ್ಮಾ, ಇದರೊಳಗೆ ಧೂಳು ಸಹ ಪ್ರವೇಶಿಸುವುದಿಲ್ಲ. ತಮ್ಮ ಸುಪುತ್ರರ ಕೈ ತಮ್ಮ ಮನೆಯಲ್ಲೇ, ತಮಗೊಬ್ಬರಿಗೇ."

"ಧೂಳ ಹೋಗದ ಜಾಗದಾಗ ಮನಷ್ಯಾ ಹೆಂಗ ಇರ್ತಾನಪಾ?" ಅಂದರು ಅತ್ತೆ. ಆದರೂ ಯಂತ್ರದ ಮೇಲೆ ಅಂಗೈ ಇಟ್ಟು ನೋಡಿದರು. "ತಣ್ಣಗೈತಿ. ಚಲೋ ಐತಿ. ಕೆಟ್ಟರ?"

"ಕೆಡುವುದಿಲ್ಲ. ಕೆಟ್ಟರೆ ನಾವೇ ಬಿಚ್ಚಬೇಕು. ಬೇರೆ ಯಾರಿಗೂ ಬರುವುದಿಲ್ಲ."

"ನಮಗ ಬಿಚ್ಚಾಕ ಬರಂಗಿಲ್ಲ?"

"ಇಲ್ಲಮ್ಮಾ. ಅದೇ ಇದರ ವಿಶೇಷ."

ಅತ್ತೆ ಸೊಂಟದ ಎಲೆಯಡಿಕೆ ಚೀಲ ಬಿಚ್ಚಿ, ಅದರೊಳಗಿನ ಗಂಟು ಬಿಚ್ಚಿ, ಬಂಗಾರದ ಬಳೆ, ಎರಡು ಜೊತೆ ಪಾಟಲಿ, ಮೇಜಿನ ಮೇಲಿಟ್ಟರು. ಮಾವ ಸತ್ತ ಮೇಲೆ ಅವರು ಅವನ್ನು ಹಾಕಿಕೊಂಡಿರಲಿಲ್ಲ, ಮಾರಿಯೂ ಇರಲಿಲ್ಲ. ಶಿವಪುತ್ರನನ್ನು ಕಾಲೇಜಿಗೆ ಕಳಿಸಲು ದುಡ್ಡಿಲ್ಲದಾಗಲೂ ಮಾರಿರಲಿಲ್ಲ. ಹುಡುಗ ಅವನ್ನು ನೋಡಿ, "ಇಷ್ಟಾದರೆ ಸರಿಹೋಗುತ್ತದೆ" ಎಂದ. "ಆದರೆ ಹಣಕ್ಕೆ ಮುಂಚೆ ಗುರುತು ಆಗಬೇಕು. ನಾಳೆ ನಾನು ಮನೆಗೆ ಬರುತ್ತೇನೆ. ಹೆಂಡತಿಯಾದವರು ಬಟ್ಟೆ ಸರಿಸಿ ಒಂದು ಪುಟ ಓದಿ, ಇದು ನಮ್ಮವರದೇ ಎಂದು ಸಹಿ ಮಾಡಬೇಕು. ಬಂಗಾರ ಆಮೇಲೆ ತೆಗೆದುಕೊಳ್ಳುತ್ತೇವೆ."

ದಾರಿಯಲ್ಲಿ ಅತ್ತೆ ಕೇಳಿದರು: "ನಿಂಗೂ ಇದ ಬೇಕಾಗಿತ್ತಲ್ಲವಾ? ಅಂವಾ ಇದ್ದಾಗ?"

ನಾನು ಹೌದೆಂದು ತಲೆಯಾಡಿಸಿದೆ. ಅವರು ಚುಚ್ಚಿ ಹೇಳಿದ್ದಲ್ಲ. ಆದರೂ ಮನೆಯ ತನಕ ತಲೆ ಎತ್ತಲಾಗಲಿಲ್ಲ.

ಹತ್ತನೆಯ ದಿನ ಶುಕ್ರವಾರ. ಹನ್ನೊಂದು ಗಂಟೆಗೆ ಶ್ರೀನಿಧಿ ಬಂದ. ಬಟ್ಟೆ ಸರಿಸುವ ಹೊತ್ತಿಗೆ ಬೇರೆಯವರು ನೋಡಬಾರದೆಂದು ಗೋಡೆಯ ಕಡೆ ಮುಖ ಮಾಡಿ, ಕ್ಯಾಲೆಂಡರ್ ನೋಡುತ್ತ ನಿಂತ. ಅತ್ತೆ ಕೈ ಮುಗಿದುಕೊಂಡು ಕೂತರು. ಅವರಿಗೆ ಓದು ಬರುವುದಿಲ್ಲ.

ನಾನು ಪಂಚೆ ಸರಿಸಿದೆ.

ಅಕ್ಷರಗಳು ಒಂದೊಂದಾಗಿ ಬೀಳುತ್ತಿದ್ದವು. 'ಮಾನ್ಯರೆ, ಕೆಳಗೆ ಸಹಿ ಮಾಡಿದ ನಾನು ವಿನಂತಿಸಿಕೊಳ್ಳುವುದೇನೆಂದರೆ, ನನ್ನ ಗಂಡ ತೀರಿಕೊಂಡಿದ್ದು, ನನಗೆ ಬೇರೆ ಯಾರ ಆಧಾರವೂ ಇರುವುದಿಲ್ಲ.'

ಅವನು ನನ್ನ ಪರವಾಗಿ ಬರೆಯುತ್ತಿದ್ದಾನೆ ಅಂದುಕೊಂಡೆ. ಹೋದ ಮೇಲೂ ನನ್ನ ಅರ್ಜಿ ತಾನೇ ಬರೆಯುತ್ತಿದ್ದಾನೆ. ಹತ್ತು ದಿನದಲ್ಲಿ ಮೊದಲ ಸಲ ನನ್ನ ಗಂಟಲಿನಿಂದ ಒಂದು ಸದ್ದು ಬಂತು. ಕೈ ನಿಲ್ಲಲಿಲ್ಲ.

'ಈ ಬಗ್ಗೆ ಹನ್ನೆರಡು ಸಲ ಕಚೇರಿಗೆ ಬಂದು ಹೋಗಿರುತ್ತೇನೆ. ಸಾಹೇಬರಿಲ್ಲ, ನಾಳೆ ಬಾ ಎನ್ನುತ್ತಾರೆ. ಇದೇ ಕಚೇರಿಯ ಕಟ್ಟೆಯ ಮೇಲೆ ಕೂತು ಊರವರ ಅರ್ಜಿಗಳನ್ನು ಮೂವತ್ತೈದು ವರ್ಷ ಟೈಪು ಮಾಡಿಕೊಟ್ಟವಳು ನಾನು. ನನ್ನ ಅರ್ಜಿಯನ್ನು ಯಾರೂ ಓದಿರುವುದಿಲ್ಲ. ವಿಧವಾ ವೇತನ ಮಂಜೂರು ಮಾಡಿಕೊಡಬೇಕಾಗಿ ಬೇಡಿಕೊಳ್ಳುತ್ತೇನೆ. ಇಂತಿ ತಮ್ಮ ವಿಧೇಯಳು, ಸಾವಂತ್ರೆವ್ವ, ಕೋಂ ದಿವಂಗತ ಭೀಮಪ್ಪ.'

ಒಂದು ಕ್ಷಣ ಬಿಟ್ಟು, ಕೆಳಗೆ ಮತ್ತೆ ಶುರುವಾಯಿತು. 'ಮಾನ್ಯರೆ, ಕೆಳಗೆ ಸಹಿ ಮಾಡಿದ ನಾನು.'

ಮೇಲೆ ಸರಿಸಿ ನೋಡಿದೆ. ಪುಟದ ಮೇಲೆ ಪುಟ. ಹತ್ತು ದಿನವೂ ಅದೇ ಅರ್ಜಿ. ಎಲ್ಲೂ ಒಂದು ಮದುವೆಯಿಲ್ಲ, ಒಂದು ಗಿಳಿಯಿಲ್ಲ.

"ಏನ ಬರದಾನವಾ?" ಅತ್ತೆ ಕಣ್ಣು ಮುಚ್ಚಿಕೊಂಡೇ ಕೇಳಿದರು.

"ಮದುವಿ ಕಾರ್ಡ್, ಅತ್ತಿ" ಎಂದೆ.

ಪಂಚೆ ಮತ್ತೆ ಹೊದಿಸಿದೆ. ಹುಡುಗ ತಿರುಗಿ ಕಾಗದ ಚಾಚಿದ. ನಾಳೆ ಅಂಗಡಿಗೇ ಬಂದು ಸಹಿ ಮಾಡುತ್ತೇನೆ ಎಂದೆ. ಅವನು ಕಾಗದ ಮಡಚಿಕೊಂಡ. ಹತ್ತನೆಯ ದಿನದ ಹೆಂಗಸರನ್ನು ಅವನು ಬಹಳ ನೋಡಿರಬೇಕು.

ಅವನು ಹೋದ ಮೇಲೆ ನಾನು ಚಪ್ಪಲಿ ಮೆಟ್ಟಿ ಚಂಪಾಬಾಯಿಯ ಅಂಗಡಿಗೆ ಹೋದೆ. ಊರಿಗೆ ಬಯಲು ಹಾಕಿಕೊಡುವವರು ಅವರು. ಹಿಂದೆ ಟೈಪಿಂಗ್ ಕ್ಲಾಸು ನಡೆಸುತ್ತಿದ್ದರು. ಈಗ ಅದೇ ತಗಡಿನ ಶೆಡ್ಡಿನಲ್ಲಿ ಬಿಚ್ಚಿದ ಕಂಪ್ಯೂಟರುಗಳ ರಾಶಿಯ ನಡುವೆ ಕೂರುತ್ತಾರೆ. ಮೂಗಿನ ತುದಿಗೆ ಕನ್ನಡಕ, ಬಾಯಲ್ಲಿ ಸ್ಕ್ರೂ. ನಾನು ಹೇಳಿದ್ದನ್ನೆಲ್ಲ ಕೇಳಿ ಸ್ಕ್ರೂ ಉಗುಳಿದರು.

"ಸಾವಂತ್ರಿ? ಕಟ್ಟಿ ಮ್ಯಾಗ ಕುಂದರ್ತಿದ್ಲಲ್ಲ, ಆಕಿ? ನನ್ನ ಕಡೇನ ಕಲಿತಾಕಿ. ನಿನ್ನ ಗಂಡ ಆಕಿ ಕೀಬೋರ್ಡ್ ತಂದಾನ ಹಂಗಾರ. ಆಕಿ ಸತ್ತಾಗ ಮನ್ಯಾಗ ಯಾರ ಇರಲಿಲ್ಲ. ಮನಿ ಮಾಲಕ ಮೂರನೇ ದಿನಾನ ಸಾಮಾನ ಮಾರಿದ. ಹನ್ನೊಂದ ದಿನ ಆಗಲೇ ಇಲ್ಲ."

"ಹಂಗಾದ್ರ ಇಷ್ಟ ದಿನ?"

"ನಿನ್ನ ಗಂಡ ಮ್ಯಾಲ ಕುಂತಿದ್ದ. ಆಕಿ ಕೆಳಗ ಸುಮ್ಮನ ಇದ್ಲು. ಅಂವಾ ಎದ್ದ, ಆಕಿ ಶುರು ಮಾಡಿದ್ಲು. ಆಕಿ ಹನ್ನೊಂದ ದಿನದ ಲೆಕ್ಕಾನೂ ಅವತ್ತಿಂದನ."

"ಮತ್ತ ಅವರ ಕೈ?"

ಚಂಪಾಬಾಯಿ ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿದರು.

"ಎಲ್ಲಿ ಕುಂತಾಗ ಹೋದ ಅಂವಾ?"

"ಪ್ರೆಸ್ಸಿನಾಗ."

"ರುದ್ರಗೌಡ್ರು ಎರಡ ದಿನ ಪ್ರೆಸ್ ಮುಚ್ಚಿದ್ರು. ಆಮ್ಯಾಲ ಮದುವಿ ಸುಗ್ಗಿ ಐತಿ, ಮಷೀನ್ ನಿಲ್ಲಬಾರದು ಅಂತ ಹೋದ ಶುಕ್ರವಾರನ ನನ್ನ ಕಡೆ ಹೊತ್ಕೊಂಡ ಬಂದ್ರು. ಕೈ ಮನ್ಯಾಗ ಉಳದೈತಿ ಅಂತ ಊರಿಗೆಲ್ಲ ಗೊತ್ತಾಗಿತ್ತಲ್ಲ. ಅವರೂ ನಂಬಿದ್ರು, ನಾನೂ ನಂಬಿದೆ." ಅವರು ತಮ್ಮ ಬಲಗೈಯನ್ನು ತಾವೇ ನೋಡಿಕೊಂಡರು. "ಬಯಲ ಹಾಕಿ ಕೊಟ್ಟಾಕಿ ನಾನ, ತಂಗಿ. ಇದ ಕೈಲೆ."

ಶೆಡ್ಡಿನ ತಗಡು ಬಿಸಿಲಿಗೆ ಟಣ್ಣೆಂದಿತು. ನಾವು ಚುರುಮುರಿ ಇಟ್ಟು ಕಾಯುತ್ತಿದ್ದಾಗ ಅವನು ಊರು ತುಂಬ ಹೋಗಿಬಿಟ್ಟಿದ್ದ.

"ಹುಡುಕಬಹುದಾ?"

"ಹುಡಿಕಿದ್ರ ಸಿಗಂಗಿಲ್ಲ. ತಾನಾಗಿ ಬಂದ್ರ ಬಂತು." ನನ್ನ ಕೈ ಹಿಡಿದು ಒಂದು ಸ್ಟೂಲಿನ ಮೇಲೆ ಕೂರಿಸಿದರು. "ಬೈ ನನಗ. ಯಾರರ ಬೈದ್ರ ಚಲೋ ಇತ್ತು."

ನಾನು ಬೈಯಲಿಲ್ಲ. ಬೈಗುಳ ಎಲ್ಲಿರುತ್ತವೆ ಎಂಬುದೇ ಮರೆತುಹೋಗಿತ್ತು.

ಮನೆಗೆ ಬಂದು ಅತ್ತೆಗೆ ಹೇಳಿದೆ. ಸುತ್ತಿಬಳಸಿ ಹೇಳುವ ಶಕ್ತಿ ಇರಲಿಲ್ಲ. ಇದು ಅವರ ಕೈಯಲ್ಲ, ಯಾರೋ ಹೆಣ್ಣುಮಗಳದು, ಆಕೆಯೂ ಗಂಡ ಸತ್ತಾಕೆ, ಅರ್ಜಿ ಬರೆಯುತ್ತಿದ್ದಾಳೆ, ಅವರ ಕೈ ಬಯಲಿಗೆ ಹೋಗಿದೆ. ಇಷ್ಟೇ ಮಾತು. ಅತ್ತೆ ನನ್ನ ಮುಖ ನೋಡಿದರು. ಆಮೇಲೆ ಕೀಲಿಗಳನ್ನು ನೋಡಿದರು. ಅವು ಬಡಿಯುತ್ತಲೇ ಇದ್ದವು.

"ಸುಳ್ಳ" ಅಂದರು.

"ಅತ್ತಿ, ನಾ ಕಣ್ಣಾರೆ ಓದೀನಿ."

"ನೀ ಓದಿದಾಕಿ. ನಿಂಗ ಅಕ್ಷರ ಕಾಣ್ತಾವು." ಅವರ ದನಿ ಏರಿತು. "ನಂಗ ಕಾಣಂಗಿಲ್ಲ. ನಂಗ ಇದರ ಸಪ್ಪಳ ಒಂದ ಐತಿ. ಹತ್ತ ದಿನ ಇದನ್ನ ಕೇಳಿ ಉಂಡೀನಿ, ಇದನ್ನ ಕೇಳಿ ಮಕ್ಕೊಂಡೀನಿ. ಕೈ ಯಾರದಾದ್ರೇನ?"

ನಾನು ಬೆಚ್ಚಿದೆ. ಅವೇ ಮಾತು, ಅದೇ ಅಗಿಯುವ ಬಾಯಿಯ ಓರೆ. ಅವನು ಎಲ್ಲಿಂದ ಕಲಿತಿದ್ದನೆಂದು ಆಗ ತಿಳಿಯಿತು.

"ನಾಳೆ ಒಳಮನಿ ತರೂಣು" ಎಂದರು ಅತ್ತೆ. "ಶಿವಪುತ್ರ ಅಂತ ಹೆಸರ ಬರೀ. ನೀ ಬರದ್ರ ಅದ ಅಂವನ ಕೈ. ಯಾರ ಬಂದು ಕೇಳ್ತಾರು?"

ಯಾರೂ ಬಂದು ಕೇಳುವವರಿಲ್ಲ, ನಿಜ. ಸಾವಂತ್ರೆವ್ವನಿಗೆ ಹಿಂದೆ ಮುಂದೆ ಯಾರೂ ಇರಲಿಲ್ಲ. ನಾನು ಒಂದು ಸಹಿ ಹಾಕಿದರೆ ಅತ್ತೆ ಉಣ್ಣುತ್ತಾರೆ. ಹಾಕದಿದ್ದರೆ ನಾಳೆ ಸಂಜೆಯಿಂದ ಈ ಮನೆಯಲ್ಲಿ ಸಪ್ಪಳವಿರುವುದಿಲ್ಲ. ಮಗನನ್ನು ಕಳಕೊಂಡವರ ಕೈಯಿಂದ ಅವನನ್ನು ಎರಡನೆಯ ಸಲ ಕಿತ್ತುಕೊಂಡವಳು ನಾನಾಗುತ್ತೇನೆ. ಇಷ್ಟನ್ನು ತೂಗಿ ನೋಡಿದೆ. ಅಳತೆ-ತೂಕವೇ ನನ್ನ ವಿಷಯ. ಆದರೂ ತಕ್ಕಡಿಯ ಇನ್ನೊಂದು ತಟ್ಟೆ ಮೇಲೇಳಲಿಲ್ಲ. ಹನ್ನೆರಡು ಸಲ ಬಂದು ಹೋಗಿರುತ್ತೇನೆ. ಧೂಳೂ ಹೋಗದ ಪೆಟ್ಟಿಗೆಯೊಳಗೆ ಆಕೆ ಅದನ್ನು ಬರೆಯುತ್ತಲೇ ಇರುತ್ತಾಳೆ. ಪೆಟ್ಟಿಗೆ ಕೆಡುವುದೂ ಇಲ್ಲ.

ಹನ್ನೊಂದನೆಯ ದಿನ ನಮ್ಮ ಕಂಪ್ಯೂಟರನ್ನು ಪಂಚೆಯಲ್ಲೇ ಸುತ್ತಿ ರಿಕ್ಷಾದಲ್ಲಿಟ್ಟುಕೊಂಡು ಒಳಮನೆಯ ಅಂಗಡಿಗೆ ಹೋದೆವು. ಅತ್ತೆ ಕೀಬೋರ್ಡನ್ನು ಕೂಸಿನ ಹಾಗೆ ತೊಡೆಯ ಮೇಲಿಟ್ಟುಕೊಂಡಿದ್ದರು. ಪಾಟಲಿ ಆಗಲೇ ಅವರ ಅಂಗೈಯಲ್ಲಿದ್ದವು. ಬಿಳಿ ಮೇಜಿನ ಮೇಲೆ ಶ್ರೀನಿಧಿ ನಮ್ಮದನ್ನು ಜೋಡಿಸಿದ. ಅದು ಮೂರನೆಯ ಶನಿವಾರ. ಹತ್ತೂವರೆಗೆ ಕೀಲಿಗಳು ಶುರುವಾದವು. ಅಷ್ಟು ಚೊಕ್ಕಟವಾದ ಜಾಗದಲ್ಲಿ ಆ ಸಪ್ಪಳ ಯಾರದೋ ಮದುವೆಗೆ ಬರಿಗಾಲಲ್ಲಿ ಬಂದ ಹಾಗಿತ್ತು.

ಹುಡುಗ ಕಾಗದ ಕೊಟ್ಟ. ಮೊದಲ ಸಾಲು: ಕೈಯ ಹೆಸರು.

"ಬರೀವಾ" ಎಂದರು ಅತ್ತೆ.

ಪೆನ್ನು ಹಿಡಿದೆ. 'ಶಿ' ಎಂದು ಬರೆದೆ. ಮುಂದೆ ಹೋಗಲಿಲ್ಲ. ಅವನ ಹೆಸರಿನ ಕೆಳಗೆ ಆಕೆಯನ್ನು ಕೂಡಿಹಾಕಿದರೆ ಆ ಹೆಸರನ್ನು ನಾನು ಮತ್ತೆ ಹೇಗೆ ಕರೆಯಲಿ?

"ಅತ್ತಿ, ಒಂದ ಸಲ ಕೇಳ್ರಿ. ಆಕಿ ಏನ ಬರೀತಾಳ ಅಂತ ಓದತೀನಿ. ಆಮ್ಯಾಲ ನೀವು ಹೇಳಿದ್ದು ಬರೀತೀನಿ. ನಿಮ್ಮಾಣೆ."

ನಾನು ಬಟ್ಟೆ ಸರಿಸಿದೆ. ಹುಡುಗ ಗಡಬಡಿಸಿ ಗೋಡೆಯ ಕಡೆ ತಿರುಗಿದ. ಅಲ್ಲಿ ಕ್ಯಾಲೆಂಡರ್ ಇರಲಿಲ್ಲ, ಬರೀ ಬಿಳಿ ಗೋಡೆ. ನಾನು ಓದಿದೆ. ಕೈ ಎಷ್ಟು ಬೇಗ ಬರೆಯುತ್ತಿತ್ತೋ ಅಷ್ಟೇ ಬೇಗ, ಒಂದೊಂದೇ ಮಾತು. ಹನ್ನೆರಡು ಸಲ ಎಂಬಲ್ಲಿ ಅತ್ತೆಯ ಬೆರಳು ಪಾಟಲಿಗಳ ಮೇಲೆ ಬಿಗಿಯಾಯಿತು. ಕಟ್ಟೆಯ ಮೇಲೆ ಕೂತು ಎಂಬಲ್ಲಿ ಅವರು ಕೈ ಎತ್ತಿ ನನ್ನನ್ನು ತಡೆದರು.

"ಯಾವ ಕಟ್ಟಿ?"

"ಕಚೇರಿ ಕಟ್ಟಿ."

"ಬೇವಿನ ಗಿಡದ ಕೆಳಗಿಂದು?"

ಹೊರಗಿನ ಕಟ್ಟೆ ನನಗೆ ಗೊತ್ತಿತ್ತು. ಗಿಡ ಈಗಿಲ್ಲ, ಬುಡ ಇದೆ. ಹೌದೆಂದೆ.

ಅತ್ತೆ ಬಹಳ ಹೊತ್ತು ಕೀಲಿಗಳನ್ನೇ ಕೇಳಿದರು. ಈಗ ಕಣ್ಣು ತೆರೆದಿದ್ದರು.

"ನಿಮ್ಮ ಮಾವ ಹೋದಾಗ ನಾನೂ ಅಲ್ಲೆ ಕುಂತೀನಿ" ಎಂದರು. "ಶಿವೂ ಬಗಲಾಗಿದ್ದ, ಹಾಲ ಕುಡಿಯೂ ಕೂಸು. ಒಬ್ಬಾಕಿ ಇದ್ಲು, ಎಳೀ ವಯಸ್ಸಿನಾಕಿ. ಟೈಪ್ ಮಿಷಿನ್ ಇಟ್ಕೊಂಡಿದ್ಲು. ನನ್ನ ಅರ್ಜಿ ಬರದ್ಲು, ರೊಕ್ಕ ತಗೊಳ್ಳಲಿಲ್ಲ. ಕೂಸಿಗೆ ಹಾಲ ತಗೋ ಅಕ್ಕಾ ಅಂದ್ಲು. ಆಕಿ ಬಡಿತಿದ್ರ ಕೂಸ ಅಳೂದ ನಿಲ್ಲಿಸ್ತಿತ್ತು." ಅವರು ಕೀಲಿಗಳ ಕಡೆ ಬೆರಳು ಮಾಡಿದರು. "ಈ ಸಪ್ಪಳ ನಂಗ ಗೊತ್ತೈತಿ ಅಂದಿದ್ನಿಲ್ಲೋ. ಸುಳ್ಳಲ್ಲ ಅದು."

ಶ್ರೀನಿಧಿ ಗೋಡೆಗೆ ಮುಖ ಮಾಡಿಯೇ ಕೇಳಿದ: "ಅಮ್ಮಾ, ಹೆಸರು ಏನೆಂದು ಬರೆದಿರಿ?"

"ಏನೂ ಬರದಿಲ್ಲಪಾ. ನೀ ಈ ಕಡೆ ತಿರುಗು, ಕುತಿಗಿ ಹಿಡಕೊಂಡೀತು" ಎಂದು ಅತ್ತೆ ಪಾಟಲಿಗಳನ್ನು ಚೀಲಕ್ಕೆ ಹಾಕಿ ಎದ್ದರು. ಬಾಗಿಲ ಹತ್ತಿರ ನಿಂತು ನನ್ನ ಕಡೆ ನೋಡಿದರು. "ನನ್ನ ಅರ್ಜಿನೂ ಅವರು ಓದಲಿಲ್ಲವಾ. ಒಂಬತ್ತ ಸಲ ಹೋಗಿದ್ದೆ. ಆಮ್ಯಾಲ ಬಿಟ್ಟೆ. ಆಕಿ ಬಿಟ್ಟಿಲ್ಲ. ನಡೀ, ಎಲ್ಲೈತಿ ಆ ಚಂಪಾಬಾಯಿ ಅಂಗಡಿ?"

ಚಂಪಾಬಾಯಿ ಬಯಲು ಹಾಕಲು ಒಂದು ತಾಸು ತೆಗೆದುಕೊಂಡರು. ಹಾಕುತ್ತ ಮೆಲ್ಲಗೆ ಸಾವಂತ್ರೆವ್ವನಿಗೆ ಏನೋ ಬೈಯುತ್ತಿದ್ದರು, ಮೇಡಂಗಳು ಹಳೆಯ ವಿದ್ಯಾರ್ಥಿನಿಯರಿಗೆ ಬೈಯುವ ಹಾಗೆ. ಬೆರಳು ಎತ್ತಿ ಒತ್ತು, ಬೆನ್ನು ನೆಟ್ಟಗಿರಲಿ. ಮೂರೂಕಾಲಿಗೆ ನಮ್ಮ ಕೀಬೋರ್ಡ್ ನಿಂತಿತು. ಅತ್ತೆ ಅದರ ಸವೆದ ಕೀಲಿಗಳ ಮೇಲೆ ಒಮ್ಮೆ ಅಂಗೈ ಎಳೆದರು. ಆ ಸಂಜೆ ಮನೆಯಲ್ಲಿ ಗಡಿಯಾರದ ಮುಳ್ಳಿಗೂ ಸದ್ದಿದೆಯೆಂದು ತಿಳಿಯಿತು. ಅತ್ತೆ ಉಣ್ಣಲಿಲ್ಲ. ನಾನೂ ಉಣ್ಣಲಿಲ್ಲ. ಚುರುಮುರಿಯ ಬಟ್ಟಲು ಮೇಜಿನ ಮೇಲೆಯೇ ಇತ್ತು, ಅದನ್ನು ತೆಗೆಯುವುದು ಯಾರೆಂದು ಇಬ್ಬರೂ ಕಾದೆವು. ಭಾನುವಾರವೂ ಹಾಗೆಯೇ ಹೋಯಿತು.

ಸೋಮವಾರ ಹತ್ತೂವರೆಗೆ ಕಚೇರಿಯ ಎಲ್ಲ ಯಂತ್ರಗಳೂ ಒಟ್ಟಿಗೆ 'ಮಾನ್ಯರೆ' ಎಂದು ಶುರುಮಾಡಿದವಂತೆ. ಪಹಣಿ ಕೇಳಿದವರಿಗೆ ಅರ್ಜಿ ಬಂತು, ಜಾತಿ ಪ್ರಮಾಣಪತ್ರ ಕೇಳಿದವರಿಗೆ ಅರ್ಜಿ ಬಂತು. ಸಾಹೇಬರು ಹೊಸ ಯಂತ್ರ ತರಿಸಿದರು, ಅದರಲ್ಲೂ ಅದೇ ಬಂತು. ಗುಮಾಸ್ತರು ಮೊದಲು ನಕ್ಕರು, ಮಧ್ಯಾಹ್ನದ ಮೇಲೆ ನಗಲಿಲ್ಲ. ಅವರಲ್ಲಿ ಕೆಲವರಿಗೆ ಆ ಹೆಸರು ಗೊತ್ತಿತ್ತು. ಇದನ್ನೆಲ್ಲ ನಮಗೆ ಹೇಳಿದವರು ರುದ್ರಗೌಡರು. ಸಂಜೆ ಅವರು ನಮ್ಮ ಬಾಗಿಲಿಗೆ ಬಂದಾಗ ಅತ್ತೆ ಮತ್ತು ನಾನು ಎಂದಿನಂತೆ ಮೇಜಿನ ಆಚೆ ಈಚೆ ಕೂತಿದ್ದೆವು, ಸುಮ್ಮನಿರುವ ಕೀಬೋರ್ಡಿನ ಎದುರುಬದರು. ಗೌಡರು ದೊಡ್ಡ ಮೈಯ ಮನುಷ್ಯ. ಆದರೂ ಒಳಗೆ ಬರಲು ಹೆದರಿದವರ ಹಾಗೆ ಹೊಸ್ತಿಲಲ್ಲೇ ನಿಂತರು. ಕೈಯಲ್ಲಿ ಒಂದು ಹಾಳೆ ಇತ್ತು.

"ತಂಗೀ, ತಪ್ಪಾತು. ನಿಮ್ಮನ್ನ ಕೇಳಿ ಬಯಲ ಹಾಕಿಸಬೇಕಾಗಿತ್ತು" ಎಂದರು. "ನಮ್ಮ ಮಷೀನ್‌ದಾಗೂ ಅದ ಅರ್ಜಿ ಬಂತು. ಕಚೇರ್ಯಾಗೂ ಹೊತ್ತು ಇಳಿಯೂ ಹೊತ್ತಿಗೆ ಹಿಂಗ ಬರಾಕ ಹತ್ತಿತಂತ. ಸಾಹೇಬರು ಮೂರ ಸಲ ಓದಿದ್ರಂತ. ನೀ ನೋಡು."

ಹಾಳೆ ತೆಗೆದುಕೊಂಡೆ. ಸಾವಂತ್ರೆವ್ವನ ಅರ್ಜಿ, ಒಂದು ಮಾತೂ ಬದಲಾಗಿರಲಿಲ್ಲ. ಗಂಡ ತೀರಿಕೊಂಡಿದ್ದು, ಹನ್ನೆರಡು ಸಲ ಬಂದು ಹೋಗಿದ್ದು. ಆದರೆ ಸುತ್ತಲೂ ಮಾವಿನೆಲೆಯ ಅಂಚು ಬಂದಿತ್ತು. ಕೊನೆಯಲ್ಲಿ 'ತಮ್ಮ ವಿಧೇಯಳು' ಎಂದಿದ್ದ ಕಡೆ 'ತಮ್ಮ ಸುಖಾಗಮನವನ್ನು ಬಯಸುವ ಸಾವಂತ್ರೆವ್ವ' ಎಂದಿತ್ತು. ನೆತ್ತಿಯಲ್ಲಿ ಎರಡು ಗಿಳಿಗಳಿದ್ದವು.

ಹಾಳೆಯನ್ನು ಮೇಜಿನ ಮೇಲಿಟ್ಟು ಅತ್ತೆಯ ಕಡೆ ಸರಿಸಿದೆ. ಅವರಿಗೆ ಓದಿ ಹೇಳಬೇಕಾಗಿರಲಿಲ್ಲ. ಬೆರಳಿನಿಂದ ಮೊದಲ ಗಿಳಿಯನ್ನು ಮುಟ್ಟಿದರು, ಅದರ ಕೊಕ್ಕು ಎತ್ತ ಇದೆಯೆಂದು ನೋಡಿದರು. ಎರಡನೆಯದನ್ನು ಮುಟ್ಟಿದರು.

"ಎರಡೂ ಒಂದ ಕಡೆ ನೋಡಾಕತ್ತಾವು" ಎಂದರು.

ನಾನು ಎದ್ದೆ. ಮೇಜನ್ನು ಬಳಸಿಕೊಂಡು ಆ ಬದಿಗೆ ಹೋಗಿ, ಅತ್ತೆಯ ಪಕ್ಕದಲ್ಲಿ ಕೂತೆ.